ವಾಯಿದೆ ಸಿಕ್ಕರೆ ಗಡುವು ಮುಂದೆ ಹೋಯಿತೇ?

ಸಿವಿಲ್ ದಾವೆಯೊಂದರಲ್ಲಿ ಪ್ರತಿವಾದಿಯಾದವರ ಮನೆಗೆ ನ್ಯಾಯಾಲಯದ ಅಮೀನರು ಬಂದು, ಸಮನ್ಸ್ ಕೊಟ್ಟು, ಸಹಿ ಹಾಕಿಸಿಕೊಂಡು ಹೋದ ಸಂಜೆ ಆ ಮನೆಯಲ್ಲಿ ನಡೆಯುವ ಮಾತುಕತೆ ಹೆಚ್ಚಾಗಿ ಒಂದೇ ಬಗೆಯದಾಗಿರುತ್ತದೆ. ಕೋರ್ಟು ಕಚೇರಿ ಕಂಡ ಹಿರಿಯರೊಬ್ಬರು ಕಾಗದದ ಮೇಲಿನ ತಾರೀಖು ನೋಡಿ, ‘ಅವತ್ತು ವಕೀಲರನ್ನು ನಿಲ್ಲಿಸಿ ಒಂದು ವಾಯಿದೆ ತಗೊಂಡರಾಯಿತು, ಮುಂದಿನದು ಆಮೇಲೆ ನೋಡೋಣ’ ಎನ್ನುತ್ತಾರೆ. ಈ ಮಾತಿನಲ್ಲಿ ಎರಡು ಬೇರೆ ಬೇರೆ ದಿನಗಳು ಕಲಸಿಹೋಗಿವೆ. ಸಮನ್ಸಿನಲ್ಲಿ ನಮೂದಾಗಿರುವುದು ನ್ಯಾಯಾಲಯದಲ್ಲಿ ಹಾಜರಾಗಬೇಕಾದ ದಿನ, ಅದನ್ನು ಮುಂದೂಡಿಸಿಕೊಳ್ಳುವುದು ವಾಯಿದೆ. ದಾವೆಗೆ ಉತ್ತರವಾಗಿ ಲಿಖಿತ ಹೇಳಿಕೆಯನ್ನು ಸಲ್ಲಿಸಬೇಕಾದ ಗಡುವಿಗೂ ಆ ತಾರೀಖಿಗೂ ಸಂಬಂಧವಿಲ್ಲ. ಅದು ಅಮೀನರ ಮುಂದೆ ಸಹಿ ಹಾಕಿದ ದಿನವೇ ಓಡತೊಡಗಿರುತ್ತದೆ, ಮತ್ತು ವಾಯಿದೆ ಎಷ್ಟು ಸಲ ಸಿಕ್ಕರೂ ತಾನಾಗಿ ನಿಲ್ಲುವುದಿಲ್ಲ.

ಹಾಗಾದರೆ ಗಡುವನ್ನು ಬದಲಾಯಿಸಲು ಸಾಧ್ಯವೇ ಇಲ್ಲವೇ? ಸಾಧ್ಯವಿದೆ, ಆದರೆ ಎಲ್ಲ ಗಡುವುಗಳೂ ಒಂದೇ ಜಾತಿಯವಲ್ಲ. ಕೆಲವನ್ನು ಕಾನೂನೇ ಹಾಕಿರುತ್ತದೆ, ಕೆಲವನ್ನು ನ್ಯಾಯಾಧೀಶರು ತಮ್ಮ ಆದೇಶದಲ್ಲಿ ಹಾಕಿರುತ್ತಾರೆ, ಇನ್ನು ಕೆಲವನ್ನು ಉಭಯ ಪಕ್ಷಗಾರರು ರಾಜಿಪತ್ರದಲ್ಲಿ ತಾವೇ ಬರೆದುಕೊಂಡಿರುತ್ತಾರೆ. ಒಂದು ಗಡುವು ಎಷ್ಟು ಜಗ್ಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಅದನ್ನು ಹಾಕಿದವರು ಯಾರು, ಮೀರಿದರೆ ಏನಾಗುತ್ತದೆಂದು ಕಾನೂನು ಹೇಳಿದೆ ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳಬೇಕು. ನಿಯಮದಲ್ಲಿ ‘ಸಲ್ಲಿಸತಕ್ಕದ್ದು’ ಎಂದಿದೆಯೋ ‘ಸಲ್ಲಿಸಬಹುದು’ ಎಂದಿದೆಯೋ ಎನ್ನುವುದು ನಾವು ಅಂದುಕೊಂಡಷ್ಟು ನಿರ್ಣಾಯಕವಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆ 1908ರದು. ಅದರ 8ನೇ ಆದೇಶದ (ಸಂಹಿತೆಯಲ್ಲಿ ನಿಯಮಗಳ ಒಂದೊಂದು ಗುಂಪಿಗೂ ‘ಆದೇಶ’ ಎಂದೇ ಹೆಸರು) 1ನೇ ನಿಯಮ ಈಗ ಇರುವ ರೂಪದಲ್ಲಿ ಜಾರಿಗೆ ಬಂದದ್ದು 2002ರ ಜುಲೈ 1ರಂದು. 1999ರ ತಿದ್ದುಪಡಿ ಕಾಯ್ದೆ 30 ದಿನಗಳ ಬಿಗಿಯಾದ ಮಿತಿಯನ್ನು ತರಲು ಹೊರಟಿತ್ತು. ವಕೀಲರ ವ್ಯಾಪಕ ವಿರೋಧದ ನಂತರ 2002ರ ತಿದ್ದುಪಡಿ ಅದನ್ನು ಸಡಿಲಿಸಿತು. ಈಗಿನ ನಿಯಮದಂತೆ ಪ್ರತಿವಾದಿಯು ಸಮನ್ಸ್ ಜಾರಿಯಾದ ದಿನದಿಂದ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸತಕ್ಕದ್ದು. ಅದು ಆಗದಿದ್ದರೆ ನ್ಯಾಯಾಲಯವು ಕಾರಣಗಳನ್ನು ಬರವಣಿಗೆಯಲ್ಲಿ ದಾಖಲಿಸಿ ಸಮಯವನ್ನು ವಿಸ್ತರಿಸಬಹುದು, ಆದರೆ ಅದು ಸಮನ್ಸ್ ಜಾರಿಯಾದ ದಿನದಿಂದ 90 ದಿನಗಳನ್ನು ಮೀರುವಂತಿಲ್ಲ. 30ರ ಮೇಲೆ 90 ಅಲ್ಲ, ಎಲ್ಲ ಸೇರಿ 90. ಜಾರಿಯಾದ ದಿನವನ್ನು ಬಿಟ್ಟು ಮರುದಿನದಿಂದ ಎಣಿಸಬೇಕು. ಜೂನ್ 10ರಂದು ಸಮನ್ಸ್ ಜಾರಿಯಾದರೆ ಜುಲೈ 10ಕ್ಕೆ 30 ದಿನ, ಸೆಪ್ಟೆಂಬರ್ 8ಕ್ಕೆ 90 ದಿನ. ತಿಂಗಳ ಲೆಕ್ಕದಲ್ಲಿ ‘ಮೂರು ತಿಂಗಳು’ ಎಂದುಕೊಂಡು ಸೆಪ್ಟೆಂಬರ್ 10ರವರೆಗೆ ಕಾಯುವವರು ಎರಡು ದಿನ ತಡವಾಗಿ ಬಂದಿರುತ್ತಾರೆ. ಸಮನ್ಸಿನ ಜೊತೆಗೆ ದಾವಾಪತ್ರದ ನಕಲೂ ಇರಬೇಕೆಂದು 5ನೇ ಆದೇಶದ 2ನೇ ನಿಯಮ ಹೇಳುತ್ತದೆ. ಆದ್ದರಿಂದ ನಕಲು ಕೈಸೇರಿರದಿದ್ದರೆ ಆ ಸಂಗತಿಯನ್ನು ಮೊದಲ ದಿನವೇ ನ್ಯಾಯಾಧೀಶರ ಗಮನಕ್ಕೆ ತಂದು ಆರ್ಡರ್ ಶೀಟಿನಲ್ಲಿ, ಅಂದರೆ ಕಡತದ ದಿನವಹಿ ಹಾಳೆಯಲ್ಲಿ, ಬರೆಸಿಕೊಳ್ಳುವುದು ಜಾಣತನ. ಆರು ತಿಂಗಳ ನಂತರ ಅದನ್ನು ಹೇಳಿದರೆ ನೆಪದಂತೆ ಕೇಳಿಸುತ್ತದೆ.

90 ದಿನ ಮುಗಿದ ಮೇಲೆ ಏನು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2005ರಲ್ಲಿ ಕೈಲಾಶ್ ವಿರುದ್ಧ ನನ್ಖು ಪ್ರಕರಣದಲ್ಲಿ ಉತ್ತರ ಕೊಟ್ಟಿತು. ಅದು ಮೂಲತಃ ಒಂದು ಚುನಾವಣಾ ತಕರಾರು ಅರ್ಜಿಯಿಂದ ಹುಟ್ಟಿದ ವಿಚಾರ. ನಿಯಮವು ಪ್ರತಿವಾದಿಯ ಮೇಲೆ ಹೊಣೆ ಹೊರಿಸುತ್ತದೆಯೇ ಹೊರತು, ತಡವಾಗಿ ಬಂದ ಹೇಳಿಕೆಯನ್ನು ತೆಗೆದುಕೊಳ್ಳುವ ನ್ಯಾಯಾಲಯದ ಅಧಿಕಾರವನ್ನು ಕಿತ್ತುಕೊಳ್ಳುವುದಿಲ್ಲ. ಮೀರಿದರೆ ಇಂಥದ್ದೇ ಶಿಕ್ಷೆ ಎಂದು ನಿಯಮ ಹೇಳಿಲ್ಲ. ಆದ್ದರಿಂದ ಈ ಮಿತಿ ನಿರ್ದೇಶನಾತ್ಮಕವೇ ಹೊರತು ಕಡ್ಡಾಯವಲ್ಲ ಎಂದು ಪೀಠ ತೀರ್ಮಾನಿಸಿತು. ಈ ತೀರ್ಪಿನ ಅರ್ಧ ಭಾಗವನ್ನು ಮಾತ್ರ ಉಲ್ಲೇಖಿಸುವುದು ನಮ್ಮ ನ್ಯಾಯಾಲಯಗಳ ಆವರಣದಲ್ಲಿ ವಾಡಿಕೆಯಾಗಿಬಿಟ್ಟಿದೆ. ಇನ್ನರ್ಧವೂ ಅಷ್ಟೇ ಮುಖ್ಯ: ವಿಸ್ತರಣೆಯನ್ನು ಕೇಳಿದವರಿಗೆಲ್ಲ ಮಾಮೂಲಿಯಾಗಿ ಕೊಡಕೂಡದು, 90 ದಿನಗಳಾಚೆಗಿನ ವಿಸ್ತರಣೆ ತೀರ ಅಪವಾದದ ಸಂದರ್ಭಗಳಲ್ಲಿ ಮಾತ್ರ ಇರಬೇಕು, ಕಾರಣಗಳು ದಾಖಲಾಗಬೇಕು, ಎದುರು ಪಕ್ಷಕ್ಕೆ ಖರ್ಚು ಕೊಡಿಸಬಹುದು, ಹೇಳುವ ಕಾರಣಕ್ಕೆ ಪ್ರಮಾಣಪತ್ರವನ್ನೋ ದಾಖಲೆಯನ್ನೋ ಕೇಳಬಹುದು.

ಇದೇ ನಿಯಮ ವಾಣಿಜ್ಯ ದಾವೆಗೆ ಬಂದಾಗ ಪೂರ್ತಿ ಬೇರೆಯ ಮುಖ ತೋರಿಸುತ್ತದೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯು ವಾಣಿಜ್ಯ ವಿವಾದಗಳ ಮಟ್ಟಿಗೆ ಈ ನಿಯಮವನ್ನು ತಿದ್ದಿ, ಹೊರಮಿತಿಯನ್ನು 120 ದಿನಗಳಿಗೆ ಏರಿಸಿತು. ಮೇಲುನೋಟಕ್ಕೆ 30 ದಿನಗಳ ಉದಾರತೆ. ಆದರೆ ಜೊತೆಯಲ್ಲೇ ಎರಡು ಮಾತುಗಳನ್ನು ಸೇರಿಸಿತು: 120 ದಿನ ಕಳೆದ ಮೇಲೆ ಪ್ರತಿವಾದಿಯು ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ, ಮತ್ತು ನ್ಯಾಯಾಲಯವು ಅದನ್ನು ದಾಖಲೆಗೆ ತೆಗೆದುಕೊಳ್ಳತಕ್ಕದ್ದಲ್ಲ. ಹಳೆಯ ನಿಯಮದಲ್ಲಿ ಇಲ್ಲದಿದ್ದ ಪರಿಣಾಮ ಇಲ್ಲಿ ಬರವಣಿಗೆಯಲ್ಲಿಯೇ ಬಂತು.

ಅದು ಎಷ್ಟು ಬಿಗಿ ಎಂಬುದನ್ನು 2019ರ ಫೆಬ್ರವರಿಯಲ್ಲಿ ತೀರ್ಮಾನವಾದ ಎಸ್‌ಸಿಜಿ ಕಾಂಟ್ರಾಕ್ಟ್ಸ್ ಪ್ರಕರಣದ ತಾರೀಖುಗಳು ಹೇಳುತ್ತವೆ. ದೆಹಲಿ ಹೈಕೋರ್ಟಿನ ಆ ದಾವೆಯಲ್ಲಿ ಪ್ರತಿವಾದಿಗೆ ಸಮನ್ಸ್ ಜಾರಿಯಾದದ್ದು 2017ರ ಜುಲೈ 14ರಂದು. 120ನೆಯ ದಿನ ನವೆಂಬರ್ 11. ಪ್ರತಿವಾದಿ ಈ ನಡುವೆ ಸುಮ್ಮನೆ ಕುಳಿತಿರಲಿಲ್ಲ. ದಾವಾಪತ್ರವನ್ನೇ ತಿರಸ್ಕರಿಸಬೇಕೆಂದು 7ನೇ ಆದೇಶದ 11ನೇ ನಿಯಮದ ಅಡಿ ಅರ್ಜಿ ಹಾಕಿಕೊಂಡು ಅದರ ಫಲಿತಾಂಶಕ್ಕಾಗಿ ಕಾಯುತ್ತಿದ್ದ. ಆ ಅರ್ಜಿ ಡಿಸೆಂಬರ್ 5ರಂದು ವಜಾ ಆಯಿತು, ಲಿಖಿತ ಹೇಳಿಕೆ ಡಿಸೆಂಬರ್ 15ರಂದು ಬಂತು. ಹೈಕೋರ್ಟ್ ಖರ್ಚು ಕಟ್ಟುವ ಷರತ್ತಿನ ಮೇಲೆ ಅದಕ್ಕೆ ಅವಕಾಶ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹೇಳಿಕೆಯನ್ನು ದಾಖಲೆಯಿಂದ ತೆಗೆಯಬೇಕಾಯಿತು. ಕಾನೂನೇ ಪರಿಣಾಮವನ್ನು ಸ್ಪಷ್ಟವಾಗಿ ಹೇಳಿರುವಾಗ ಅಂತರ್ಗತ ಅಧಿಕಾರವನ್ನು, ಅಂದರೆ ನ್ಯಾಯಕ್ಕಾಗಿ ನ್ಯಾಯಾಲಯಕ್ಕೆ ತಾನಾಗಿ ಇರುವ ಅಧಿಕಾರವನ್ನು, ಬಳಸಿ ಅದನ್ನು ದಾಟಲಾಗದು ಎಂಬುದು ನ್ಯಾಯಾಲಯದ ನಿಲುವು. ಮರುವರ್ಷ ದೇಶರಾಜ್ ವಿರುದ್ಧ ಬಾಲಕಿಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಅಕ್ಕಪಕ್ಕ ಇಟ್ಟು, ವಾಣಿಜ್ಯೇತರ ದಾವೆಗಳಿಗೆ ಹಳೆಯ ನಿಯಮವೇ ಅನ್ವಯಿಸುತ್ತದೆ, ಅಲ್ಲಿ ಮಿತಿ ಇಂದಿಗೂ ನಿರ್ದೇಶನಾತ್ಮಕವೇ ಎಂದು ಸ್ಪಷ್ಟಪಡಿಸಿತು.

‘ವಾಣಿಜ್ಯ ದಾವೆ’ ಎಂದ ಕೂಡಲೇ ಕೋಟಿಗಟ್ಟಲೆ ರೂಪಾಯಿಯ ಕಂಪನಿ ವ್ಯಾಜ್ಯ ಎಂದುಕೊಳ್ಳುವವರೇ ಹೆಚ್ಚು. 2018ರ ತಿದ್ದುಪಡಿಯ ನಂತರ ಕನಿಷ್ಠ ಮೌಲ್ಯ ಒಂದು ಕೋಟಿಯಿಂದ 3 ಲಕ್ಷ ರೂಪಾಯಿಗೆ ಇಳಿದಿದೆ. ವ್ಯಾಪಾರಕ್ಕೆಂದೇ ಬಳಸುವ ಸ್ಥಿರಾಸ್ತಿಯ ಕರಾರಿನ ವಿವಾದವೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ, ಸರಕು ಮಾರಾಟದ ಬಾಕಿಯೂ ಬರುತ್ತದೆ. ಅಂದರೆ ಅಡಿಕೆ ಮಂಡಿಯ ಬಾಕಿ ವಸೂಲಿಯಿಂದ ಹಿಡಿದು ಅಂಗಡಿ ಮಳಿಗೆಯ ಬಾಡಿಗೆ ಕರಾರಿನ ಜಗಳದವರೆಗೆ ಯಾವುದು ಬೇಕಾದರೂ ಈ ಗೆರೆಯೊಳಗೆ ಬರಬಹುದು. ಸಮನ್ಸ್ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ದಾವೆಯ ಸಂಖ್ಯೆಯ ಹಿಂದೆ ಇರುವ ಅಕ್ಷರಗಳನ್ನು. ಅದು ಸಾಧಾರಣ ಮೂಲ ದಾವೆಯೋ ವಾಣಿಜ್ಯ ಮೂಲ ದಾವೆಯೋ ಎಂಬುದರ ಮೇಲೆ ಗಡುವಿನ ಸ್ವಭಾವವೇ ನಿಂತಿದೆ.

ಎಸ್‌ಸಿಜಿ ಪ್ರಕರಣದ ಪ್ರತಿವಾದಿ ಮಾಡಿದ ತಪ್ಪನ್ನು ಸಾಧಾರಣ ದಾವೆಗಳಲ್ಲೂ ದಿನನಿತ್ಯ ಕಾಣಬಹುದು. ಒಂದು ಮಧ್ಯಂತರ ಅರ್ಜಿ, ಅಂದರೆ ಎಲ್ಲರ ಬಾಯಲ್ಲಿರುವ ‘ಐ.ಎ.’, ಹಾಕಿದರೆ ಅದು ಇತ್ಯರ್ಥವಾಗುವವರೆಗೆ ಉಳಿದ ಗಡುವುಗಳೆಲ್ಲ ನಿಂತಿರುತ್ತವೆ ಎಂಬ ನಂಬಿಕೆ ಬಲವಾಗಿದೆ. ಹಾಗೇನೂ ಇಲ್ಲ. ದಾವಾಪತ್ರ ತಿರಸ್ಕರಿಸುವಂತೆ ಕೋರುವ ಅರ್ಜಿಯನ್ನು ಲಿಖಿತ ಹೇಳಿಕೆಗೆ ಮುಂಚೆ ಸಲ್ಲಿಸಲು ಯಾವ ಅಡ್ಡಿಯೂ ಇಲ್ಲ, ಅದನ್ನು ಮೊದಲು ತೀರ್ಮಾನಿಸಬೇಕು ಎಂಬುದೂ ನಿಜ. ಆದರೆ ಕೈತಪ್ಪಿದ ಅವಕಾಶವನ್ನು ಮರಳಿ ಪಡೆಯುವ ಉಪಾಯವಾಗಿ ಆ ಅರ್ಜಿಯನ್ನು ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಆರ್.ಕೆ. ರೋಜಾ ಪ್ರಕರಣದಲ್ಲಿ ಎಚ್ಚರಿಸಿದೆ. ಐ.ಎ. ಹಾಕಿದರೂ ಲಿಖಿತ ಹೇಳಿಕೆಯನ್ನು ಬರೆದಿಟ್ಟುಕೊಳ್ಳಬೇಕು, ಇಲ್ಲವೇ ಆ ಐ.ಎ. ತೀರುವವರೆಗೆ ಸಮಯ ವಿಸ್ತರಿಸಬೇಕೆಂದು ಪ್ರತ್ಯೇಕವಾಗಿ ಕೇಳಿ ಆದೇಶ ಪಡೆಯಬೇಕು.

ಎರಡನೆಯ ಜಾತಿಯ ಗಡುವು ನ್ಯಾಯಾಧೀಶರು ಹಾಕಿದ್ದು. ಕೊರತೆಯಾದ ನ್ಯಾಯಾಲಯ ಶುಲ್ಕವನ್ನು ಇಷ್ಟು ದಿನಗಳಲ್ಲಿ ಕಟ್ಟಿ, ಇಂಥ ದಾಖಲೆಯನ್ನು ಮುಂದಿನ ತಾರೀಖಿನೊಳಗೆ ಹಾಜರುಪಡಿಸಿ ಎಂಬಂಥವು ಇವು. ಇವುಗಳಿಗೆ ಸಂಹಿತೆಯ 148ನೇ ಪ್ರಕರಣ (ಸೆಕ್ಷನ್) ಅನ್ವಯಿಸುತ್ತದೆ. ನ್ಯಾಯಾಲಯ ತಾನು ಕೊಟ್ಟ ಸಮಯವನ್ನು ತಾನೇ ಹೆಚ್ಚಿಸಬಹುದು, ಆ ಸಮಯ ಆಗಲೇ ಮುಗಿದುಹೋಗಿದ್ದರೂ ಹೆಚ್ಚಿಸಬಹುದು. ‘ಇಷ್ಟರೊಳಗೆ ಶುಲ್ಕ ಕಟ್ಟದಿದ್ದರೆ ಅಪೀಲು ವಜಾ’ ಎಂಬ ಷರತ್ತಿನ ಆದೇಶವಿದ್ದ ಪ್ರಕರಣದಲ್ಲಿಯೂ ನ್ಯಾಯಾಲಯ ಕೈಕಟ್ಟಿ ಕೂರಬೇಕಿಲ್ಲ ಎಂದು 1961ರಷ್ಟು ಹಿಂದೆಯೇ ಮಹಂತ ರಾಮದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2002ರಿಂದ ಈ ಹೆಚ್ಚಳಕ್ಕೆ ‘ಒಟ್ಟು 30 ದಿನ ಮೀರದಂತೆ’ ಎಂಬ ಲಗಾಮು ಬಿತ್ತು. ಆದರೆ ಪಕ್ಷಗಾರನ ಕೈಮೀರಿದ ಕಾರಣದಿಂದ ಅಷ್ಟರೊಳಗೆ ಕೆಲಸವಾಗದಿದ್ದರೆ 151ನೇ ಪ್ರಕರಣದ ಅಂತರ್ಗತ ಅಧಿಕಾರ ಬಳಸಿ ಇನ್ನಷ್ಟು ಸಮಯ ಕೊಡಬಹುದೆಂದು 2005ರ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಆ ಲಗಾಮು ಸಡಿಲವಾಯಿತು. ವಾಯಿದೆಗೂ ಇಂಥದೇ ಲಗಾಮಿದೆ: 17ನೇ ಆದೇಶದ ಪ್ರಕಾರ ಒಬ್ಬ ಪಕ್ಷಗಾರನಿಗೆ ವಿಚಾರಣೆಯ ಹಂತದಲ್ಲಿ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡುವಂತಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಿದ ಯಾರಿಗಾದರೂ ಆ ‘ಮೂರು’ ಓದಿ ನಗು ಬಂದರೆ ತಪ್ಪಲ್ಲ. ಅದೇ ಸೇಲಂ ತೀರ್ಪು ಇದಕ್ಕೂ ಅಪವಾದಗಳನ್ನು ಒಪ್ಪಿದೆ.

ಇನ್ನು ಕೇಳುವ ಬಗೆ. ಗಡುವು ಮುಗಿಯುವ ಮೊದಲೇ ಕೇಳುವುದಕ್ಕೂ ಮುಗಿದ ಮೇಲೆ ಕೇಳುವುದಕ್ಕೂ ಅಜಗಜಾಂತರವಿದೆ. ಅಮೆರಿಕದ ಫೆಡರಲ್ ನ್ಯಾಯಾಲಯಗಳ ಸಿವಿಲ್ ನಿಯಮಾವಳಿಯ 6ನೇ ನಿಯಮ ಇದನ್ನು ಬಾಯಿಬಿಟ್ಟು ಹೇಳುತ್ತದೆ: ಮುಂಚೆ ಕೇಳಿದರೆ ಸಮಂಜಸವಾದ ಕಾರಣ ಸಾಕು, ಮುಗಿದ ಮೇಲೆ ಕೇಳಿದರೆ ತಡವಾದದ್ದು ಕ್ಷಮಿಸಬಹುದಾದ ಅಲಕ್ಷ್ಯದಿಂದ ಎಂದೂ ತೋರಿಸಬೇಕು. ನಮ್ಮ ಸಂಹಿತೆಯಲ್ಲಿ ಹೀಗೆ ಎರಡು ಅಳತೆಗೋಲುಗಳನ್ನು ಬರೆದಿಟ್ಟಿಲ್ಲ, ಆದರೆ ನ್ಯಾಯಾಧೀಶರ ಮನಸ್ಸಿನಲ್ಲಿ ಅವು ಇದ್ದೇ ಇರುತ್ತವೆ. ಗಡುವಿನೊಳಗೆ ಬಂದವನು ಸಮಯ ಕೇಳುತ್ತಿರುತ್ತಾನೆ. ದಾಟಿ ಬಂದವನ ವಿರುದ್ಧ ಅಷ್ಟರಲ್ಲಿ ಆರ್ಡರ್ ಶೀಟಿನಲ್ಲಿ ‘ಡಬ್ಲ್ಯೂ.ಎಸ್. ಟೇಕನ್ ಆ್ಯಸ್ ನಾಟ್ ಫೈಲ್ಡ್’, ಅಂದರೆ ಲಿಖಿತ ಹೇಳಿಕೆ ಸಲ್ಲಿಸಿಲ್ಲವೆಂದು ಪರಿಗಣಿಸಲಾಗಿದೆ ಎಂಬ ಸಾಲು ಬಿದ್ದಿರುತ್ತದೆ, ಹೀಗಾಗಿ ಅವನು ಮೊದಲು ಆ ಆದೇಶವನ್ನು ಹಿಂಪಡೆಯುವಂತೆ ಕೇಳಬೇಕು, ಆಮೇಲೆ ಸಮಯದ ಮಾತು.

ಅರ್ಜಿಯ ಜೊತೆಗಿನ ಪ್ರಮಾಣಪತ್ರದಲ್ಲಿಯೇ ಎಲ್ಲ ಇರುವುದು. ನೂರಾರು ಕಡತಗಳಲ್ಲಿ ಅಚ್ಚು ಹೊಡೆದಂತೆ ಕಾಣುವ ವಾಕ್ಯ ಇದು: ‘ಕೆಲವು ಅನಿವಾರ್ಯ ಕಾರಣಗಳಿಂದ ಹಾಗೂ ದಾಖಲೆಗಳು ಲಭ್ಯವಾಗದೆ ಇದ್ದುದರಿಂದ ಕಾಲಕ್ಕೆ ಸರಿಯಾಗಿ ಲಿಖಿತ ಹೇಳಿಕೆ ಸಲ್ಲಿಸಲು ಸಾಧ್ಯವಾಗಿರುವುದಿಲ್ಲ, ತಡವು ಉದ್ದೇಶಪೂರ್ವಕವಾಗಿರುವುದಿಲ್ಲ.’ ಇದರಲ್ಲಿ ಒಂದೇ ಒಂದು ತಾರೀಖಿಲ್ಲ. ಅದೇ ಕಾರಣವನ್ನು ಹೀಗೆ ಬರೆಯಬಹುದು: ‘ದಾವಾ ಜಮೀನಿನ ಎಂ.ಆರ್. (ಹಕ್ಕು ಬದಲಾವಣೆ ದಾಖಲೆ) ದೃಢೀಕೃತ ನಕಲಿಗಾಗಿ ಜುಲೈ 2ರಂದು ತಾಲ್ಲೂಕು ಕಚೇರಿಗೆ ಅರ್ಜಿ ಸಲ್ಲಿಸಿದ್ದು, ನಕಲು ಆಗಸ್ಟ್ 19ರಂದು ಕೈಸೇರಿದೆ. ಅರ್ಜಿಯ ಸ್ವೀಕೃತಿ ಹಾಗೂ ನಕಲಿನ ಮೇಲಿನ ಮೊಹರನ್ನು ಲಗತ್ತಿಸಿದೆ.’ ಮೊದಲನೆಯದನ್ನು ಓದಿದ ನ್ಯಾಯಾಧೀಶರಿಗೆ ಆದೇಶದಲ್ಲಿ ದಾಖಲಿಸಲು ಕಾರಣವೇ ಸಿಗುವುದಿಲ್ಲ. ನಿಯಮ ಅವರನ್ನು ಕಾರಣ ದಾಖಲಿಸಲು ಕೇಳುತ್ತದಲ್ಲವೇ? ಆ ಕಾರಣದ ಕಚ್ಚಾ ಸಾಮಗ್ರಿಯನ್ನು ಒದಗಿಸುವುದು ಅರ್ಜಿದಾರನ ಕೆಲಸ. ಬರೆದು ಸಿದ್ಧವಾದ ಲಿಖಿತ ಹೇಳಿಕೆಯನ್ನು ಅರ್ಜಿಯ ಜೊತೆಯಲ್ಲೇ ಸಲ್ಲಿಸಿದರೆ ಇನ್ನೂ ಒಳ್ಳೆಯದು. ಸಮಯ ಕೊಟ್ಟರೆ ಮತ್ತೆ ತಡಮಾಡುತ್ತಾನೆಂಬ ಅನುಮಾನಕ್ಕೆ ಅಲ್ಲಿಗೆ ತೆರೆ ಬೀಳುತ್ತದೆ, ಎದುರು ವಕೀಲರ ತಕರಾರು ಹೆಚ್ಚಾಗಿ ಖರ್ಚಿನ ಮೊತ್ತಕ್ಕೆ ಇಳಿಯುತ್ತದೆ.

ಎದುರು ವಕೀಲರು ‘ನಮ್ಮ ಅಭ್ಯಂತರವಿಲ್ಲ’ ಎಂದರೆ ಮುಗಿಯಿತೇ? ಸಾಧಾರಣ ದಾವೆಯಲ್ಲಿ ಅದು ನ್ಯಾಯಾಧೀಶರ ಮನಸ್ಸನ್ನು ಹಗುರಾಗಿಸುತ್ತದೆ, ಅಷ್ಟೆ. ವಾಣಿಜ್ಯ ದಾವೆಯಲ್ಲಿ 120 ದಿನ ದಾಟಿದ ಮೇಲೆ ಇಬ್ಬರು ವಕೀಲರ ಸಜ್ಜನಿಕೆಯಿಂದ ಏನೂ ಆಗದು. ಇದಕ್ಕೆ ವಿರುದ್ಧವಾದ ವಿಚಿತ್ರ ಮೂರನೆಯ ಜಾತಿಯ ಗಡುವಿನಲ್ಲಿದೆ. ರಾಜಿಯಲ್ಲಿ ‘ಇಂಥ ದಿನದೊಳಗೆ ಹಣ ಕಟ್ಟಿದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂದು ಪಕ್ಷಗಾರರೇ ಬರೆದುಕೊಂಡ ಸಮಯವನ್ನು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ನ್ಯಾಯಾಲಯ ಹಿಗ್ಗಿಸಲಾಗದು ಎಂಬುದು ಹುಕುಮಚಂದ್ ವಿರುದ್ಧ ಬನ್ಸೀಲಾಲ್ ಪ್ರಕರಣದಿಂದ ಬಂದ ನಿಯಮ. ಕಣ್ಣಿಗೆ ಕಾಣುವಂಥ ಅನ್ಯಾಯವನ್ನು ತಪ್ಪಿಸಲು ಅಪರೂಪಕ್ಕೆ ಹಿಗ್ಗಿಸಬಹುದೆಂದು 1983ರ ಪೆರಿಯಕ್ಕಳ್ ಪ್ರಕರಣ ಅದನ್ನು ತುಸು ಮೆದುಗೊಳಿಸಿದೆ.

ರಜೆಯ ಲೆಕ್ಕ ಇವೆಲ್ಲಕ್ಕಿಂತ ಮೋಸದ್ದು. ಗಡುವಿನ ಕೊನೆಯ ದಿನ ನ್ಯಾಯಾಲಯ ಮುಚ್ಚಿದ್ದರೆ ತೆರೆದ ದಿನ ಸಲ್ಲಿಸಿದರಾಯಿತು ಎಂಬುದು 1963ರ ಕಾಲಪರಿಮಿತಿ ಕಾಯ್ದೆಯ 4ನೇ ಪ್ರಕರಣದ ಸಾರ, ಎಲ್ಲ ವಕೀಲರಿಗೂ ಬಾಯಿಪಾಠ. ವಿಜಯಪುರ ಜಿಲ್ಲೆಯ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆಯ ಪ್ರಕರಣದಲ್ಲಿ ಇದರ ಇನ್ನೊಂದು ಮಗ್ಗುಲು ಹೊರಬಂತು. ಅದು ದಾವೆಯಲ್ಲ, ಮಧ್ಯಸ್ಥಿಕೆ ತೀರ್ಪನ್ನು ರದ್ದುಪಡಿಸಲು ಕೋರುವ ಅರ್ಜಿ. ಅದಕ್ಕೆ ಕಾನೂನು ಕೊಡುವುದು ಮೂರು ತಿಂಗಳು. ಸಾಕಷ್ಟು ಕಾರಣವಿದ್ದರೆ ಇನ್ನೂ 30 ದಿನ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ತೀರ್ಪು ಬಂದದ್ದು 2016ರ ಆಗಸ್ಟ್ 24ರಂದು. ಮೂರು ತಿಂಗಳು ನವೆಂಬರ್ 24ಕ್ಕೆ ಮುಗಿಯಿತು, ಹೆಚ್ಚುವರಿ 30 ದಿನ ಡಿಸೆಂಬರ್ 24ಕ್ಕೆ. ಆ ದಿನ ಚಳಿಗಾಲದ ರಜೆ. ನ್ಯಾಯಾಲಯ ತೆರೆದ 2017ರ ಜನವರಿ 2ರಂದೇ ಕಾರ್ಖಾನೆ ಅರ್ಜಿ ಸಲ್ಲಿಸಿತು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡವಾದ ಅರ್ಜಿ ಎಂದೇ ತೀರ್ಮಾನಿಸಿತು. ರಜೆಯ ರಕ್ಷಣೆ ಇರುವುದು ಕಾನೂನು ‘ನಿಗದಿಪಡಿಸಿದ’ ಮೂರು ತಿಂಗಳಿಗೆ ಮಾತ್ರ, ಕೃಪೆಯಾಗಿ ಕೊಡಬಹುದಾದ ಆಮೇಲಿನ 30 ದಿನಗಳಿಗಲ್ಲ. ಈ ವ್ಯಾಖ್ಯಾನ ಬಹಳ ಕಠಿಣ ಎಂದು ನನಗನ್ನಿಸುತ್ತದೆ. 2025ರ ಜನವರಿಯಲ್ಲಿ ಇದೇ ಪ್ರಶ್ನೆ ಮತ್ತೊಂದು ಪ್ರಕರಣದಲ್ಲಿ ಬಂದಾಗ ಸುಪ್ರೀಂ ಕೋರ್ಟಿನ ಪೀಠ ಈ ಕಠಿಣತೆಯ ಬಗ್ಗೆ ಅಸಮಾಧಾನ ಸೂಚಿಸಿಯೂ ಹಿಂದಿನ ತೀರ್ಪನ್ನೇ ಅನುಸರಿಸಿತು. ಲಿಖಿತ ಹೇಳಿಕೆಯ ಹೊರಮಿತಿ ರಜೆಯೊಳಗೆ ಬೀಳುವಂತಿದ್ದರೆ ರಜೆಗೆ ಮುಂಚಿನ ಕೊನೆಯ ಕೆಲಸದ ದಿನವನ್ನೇ ಗಡುವೆಂದು ಎಣಿಸುವುದು ಕ್ಷೇಮ.

ಇಡೀ ದೇಶದ ಗಡುವುಗಳನ್ನು ಒಂದೇ ಆದೇಶ ಮುಂದೂಡಿದ್ದೂ ಉಂಟು. ಕೋವಿಡ್ ಕಾಲದಲ್ಲಿ ಸುಪ್ರೀಂ ಕೋರ್ಟ್ ತಾನಾಗಿ ಕೈಗೆತ್ತಿಕೊಂಡ ಪ್ರಕರಣದಲ್ಲಿ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಎಣಿಕೆಯಿಂದಲೇ ಹೊರಗಿಟ್ಟಿತು. ವಾಣಿಜ್ಯ ದಾವೆಯ 120 ದಿನಗಳಿಗೂ ಅದು ಅನ್ವಯಿಸುತ್ತದೆ ಎಂದು 2022ರಲ್ಲಿ ತೀರ್ಮಾನವಾಯಿತು. ಆಗಿನ ಕಡತಗಳಲ್ಲಿ ಇಂದಿಗೂ ಈ ಕಳೆಯುವ ಲೆಕ್ಕ ಬರುತ್ತಿರುತ್ತದೆ.

ಸಮಯ ಕೇಳಿದ ಅರ್ಜಿ ವಜಾ ಆದರೆ ಸಂವಿಧಾನದ 227ನೇ ವಿಧಿಯ ಅಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಹಾಸನದವರು ಬೆಂಗಳೂರಿಗೆ, ಬೆಳಗಾವಿಯವರು ಧಾರವಾಡಕ್ಕೆ, ಬೀದರಿನವರು ಕಲಬುರಗಿಗೆ ಹೋಗಬೇಕು. ಅಲ್ಲಿ ತಡೆಯಾಜ್ಞೆ ಸಿಗದ ಹೊರತು ಕೆಳಗಿನ ನ್ಯಾಯಾಲಯದಲ್ಲಿ ದಾವೆ ಮುಂದುವರಿಯುತ್ತಲೇ ಇರುತ್ತದೆ. ಲಿಖಿತ ಹೇಳಿಕೆಯಿಲ್ಲದ ಮಾತ್ರಕ್ಕೆ ವಾದಿಗೆ ಡಿಕ್ರಿ ಕೈಗೆ ಬಂದಂತಲ್ಲ. 8ನೇ ಆದೇಶದ 10ನೇ ನಿಯಮ ಆ ಘಟ್ಟದಲ್ಲೂ ತೀರ್ಪು ಕೊಡುವುದನ್ನೋ ತನಗೆ ಸೂಕ್ತವೆನಿಸಿದ ಆದೇಶ ಮಾಡುವುದನ್ನೋ ನ್ಯಾಯಾಲಯಕ್ಕೆ ಬಿಟ್ಟಿದೆ, ಮತ್ತು ದಾವಾಪತ್ರದಲ್ಲಿಯೇ ವಿವಾದಿತ ಸಂಗತಿಗಳು ಕಾಣುತ್ತಿದ್ದರೆ ವಾದಿಯಿಂದ ಸಾಕ್ಷ್ಯ ಕೇಳಬೇಕೆಂದು 1999ರ ಬಲರಾಜ್ ತನೇಜಾ ಪ್ರಕರಣ ಹೇಳಿದೆ. ಪ್ರತಿವಾದಿಯ ವಕೀಲರು ವಾದಿಯ ಸಾಕ್ಷಿಯನ್ನು ಪಾಟಿಸವಾಲಿಗೆ ಒಳಪಡಿಸಬಹುದು, ದಾಖಲೆಗಳ ದೌರ್ಬಲ್ಯ ತೋರಿಸಬಹುದು, ದಾವೆಯೇ ಕಾಲಬಾಧಿತ ಎಂದು ವಾದಿಸಬಹುದು. ಆದರೆ ಪಾಟಿಸವಾಲಿನಲ್ಲಿ ‘ಈ ಜಮೀನು ನಮ್ಮ ತಂದೆಯ ಸ್ವಯಾರ್ಜಿತ’ ಎಂಬ ತನ್ನ ಕಥೆಯನ್ನು ಹೊಸದಾಗಿ ಸೂಚಿಸಲು ಹೊರಟ ಕೂಡಲೇ ಎದುರಿನ ವಕೀಲರು ಎದ್ದು ನಿಲ್ಲುತ್ತಾರೆ: ಆ ಮಾತು ಇರಬೇಕಾಗಿದ್ದ ಕಾಗದ ಕಡತದಲ್ಲಿಲ್ಲ.